ಲಕ್ಷ ಮೈಲಿ ಓಡಿದ ಗಾಡಿಯಲ್ಲಿ ಮಾರ್ಟಳ್ಳಿಗೆ

ನಾವು ಕೊಳ್ಳೇಗಾಲ ಬಿಟ್ಟದ್ದು ಮಂಗಳವಾರ ಬೆಳಿಗ್ಗೆ ಐದೂಮುಕ್ಕಾಲಕ್ಕೆ. ದಿನಚರಿಯಲ್ಲಿ ಹಾಗೆ ಬರೆದಿದೆ. ನನ್ನ ನೆನಪಿನಲ್ಲಿ ಮಾತ್ರ ಆಗಲೇ ಬಿಸಿಲು ಬಿದ್ದಿತ್ತು, ಬಿತ್ತನೆ ಕೋಠಿಯ ಅಂಗಳದ ಬೇವಿನ ನೆರಳು ಗಾಡಿಯ ಮೇಲೆ ಅಲ್ಲಾಡುತ್ತಿತ್ತು. ಆಶ್ವಯುಜದಲ್ಲಿ ಆ ಹೊತ್ತಿಗೆ ನೆರಳು ಬೀಳುವುದಿಲ್ಲ. ಇಂಥ ಕಡೆ ನಾನು ದಿನಚರಿಯನ್ನೇ ನಂಬುತ್ತೇನೆ, ಆದರೂ ನೆರಳನ್ನು ಬಿಟ್ಟುಕೊಡಲು ಮನಸ್ಸಾಗುವುದಿಲ್ಲ.

ಇದು ಅರವತ್ತಾರರ ಮಾತು. ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದಿ ಮುಗಿಸಿದ ನಾನು ಕೊಳ್ಳೇಗಾಲದ ಕೋಠಿಗೆ ಬಂದು ನಾಲ್ಕು ತಿಂಗಳಾಗಿತ್ತು. ರೈತರಿಗೆ ರೇಷ್ಮೆ ಹುಳದ ಮೊಟ್ಟೆ ಮಾಡಿಕೊಡುವುದು ಅಲ್ಲಿಯ ಕೆಲಸ. ಹಾಳೆಗೆ ಅಂಟಿದ ಮೊಟ್ಟೆಗಳನ್ನು, ಅವು ಒಡೆಯುವ ಮುಂಚೆ, ತಂಪಾಗಿ ಊರೂರಿಗೆ ಮುಟ್ಟಿಸುತ್ತಿದ್ದವನು ಗುರುಮಲ್ಲಪ್ಪ. ಅವನ ಮೋಟಾರ್ ಸೈಕಲ್ಲು ಕೊಳ್ಳೇಗಾಲ ಇನ್ನೂ ಕೊಯಮತ್ತೂರು ಜಿಲ್ಲೆಯಲ್ಲಿದ್ದಾಗ, ಅಂದರೆ ಐವತ್ತಾರಕ್ಕೆ ಮುಂಚೆ, ಬಂದದ್ದು. ಮೈಲಿ ಎಣಿಸುವ ಮೀಟರಿಗೆ ಐದೇ ಅಂಕಿಯ ಮನೆ. ಆ ವರ್ಷ ಅದು ಪೂರ್ತಿ ತಿರುಗಿ ಸೊನ್ನೆಗೆ ಬಂದು, ಮತ್ತೆ ನಾನೂರ ಚಿಲ್ಲರೆ ಓಡಿತ್ತು. ಮೀಟರಿನ ಪ್ರಕಾರ ಗಾಡಿ ಈಗಷ್ಟೇ ಹುಟ್ಟಿದ ಕೂಸು.

ನನ್ನ ಜೇಬಿನಲ್ಲಿ ಕೋಠಿಯ ಮೇಲಿನವರು ಕೊಟ್ಟ ಪ್ರಶ್ನೆಗಳ ಒಂದು ಹಾಳೆಯಿತ್ತು. ಗಾಡಿ ದಾರಿಯಲ್ಲಿ ನಿಂತಿತೇ, ನಿಂತಿದ್ದರೆ ಕಾರಣವೇನು, ಇನ್ನೆಷ್ಟು ಕಾಲ ಬಾಳಬಹುದು, ಇಷ್ಟನ್ನು ಎರಡು ದಿನ ಜೊತೆಯಲ್ಲಿ ಹೋಗಿ ನೋಡಿ ಬರೆದುಕೊಡಬೇಕು. ಬಾಳದು ಎಂದರೆ ಗಾಡಿ ಹರಾಜಿಗೆ, ಮೊಟ್ಟೆ ಬಸ್ಸಿಗೆ, ಗುರುಮಲ್ಲಪ್ಪ ಕೋಠಿಯೊಳಗೆ ಸ್ಟೂಲಿನ ಮೇಲೆ. ಇದು ಅವನಿಗೂ ಗೊತ್ತಿತ್ತು. ಮೊಟ್ಟೆಯ ಪೆಟ್ಟಿಗೆ ಯಾವಾಗಲೂ ಹಿಂದಿನ ಸೀಟಿನಲ್ಲಿ ಹೋಗುವಂಥದ್ದು. ಅಂದು ಆ ಜಾಗದಲ್ಲಿ ನಾನು ಕೂರಬೇಕಾದ್ದರಿಂದ ಪೆಟ್ಟಿಗೆಯನ್ನು ಮುಂದೆ ಪೆಟ್ರೋಲ್ ಟ್ಯಾಂಕಿನ ಮೇಲಿಟ್ಟು, ಒದ್ದೆ ಗೋಣಿ ಹೊದಿಸಿ, ಹಗ್ಗದಿಂದ ಬಿಗಿದ.

"ಬಿಗಿಯಾಗಿ ಕುಂತ್ಕೊಳಿ ಸಾ" ಎಂದ. "ನನ್ನನ್ನ ಇಡ್ಕಬೇಡಿ, ಸೀಟ್ ಇಡ್ಕಳಿ. ನಾನು ಅಲ್ಲಾಡುದ್ರೆ ಗಾಡಿಗೆ ಸಿಟ್ಟು ಬತ್ತದೆ."

ಮೊದಲ ದಿನ ಯಳಂದೂರಿನ ಕಡೆ. ಕೊಳ್ಳೇಗಾಲದಿಂದ ಹತ್ತು ಮೈಲಿಯಿರಬೇಕು. ಗದ್ದೆಗಳ ಮೇಲೆ ಮಂಜು ಸೊಂಟದೆತ್ತರಕ್ಕೆ ನಿಂತಿತ್ತು. ಎತ್ತುಗಳ ಬೆನ್ನು, ಬುಟ್ಟಿ ಹೊತ್ತ ಹೆಂಗಸರ ಅರ್ಧ ಮೈ, ಇಷ್ಟೇ ಅದರ ಮೇಲೆ ತೇಲಿ ಹೋಗುತ್ತಿದ್ದವು. ಗುರುಮಲ್ಲಪ್ಪ ಗಂಟೆಗೆ ಮೂವತ್ತು ಮೈಲಿಯನ್ನು ಒಮ್ಮೆಯೂ ದಾಟಲಿಲ್ಲ. ಕಬ್ಬಿನ ಗಾಡಿ ಎದುರಾದರೆ ಅರ್ಧ ಫರ್ಲಾಂಗು ಮುಂಚೆಯೇ ವೇಗ ತಗ್ಗಿಸಿ, ಬ್ರೇಕು ಮುಟ್ಟದೆ, ಉಸಿರು ಬಿಟ್ಟಂತೆ ಪಕ್ಕಕ್ಕೆ ಸರಿಯುತ್ತಿದ್ದ. ಇಂಜಿನ್ನಿನ ಸದ್ದು ಒಂದೇ ಸಮ. ಅದನ್ನು ಕೇಳುತ್ತ ಕೇಳುತ್ತ ನಾನು ಕುಳಿತಲ್ಲೇ ಅರೆನಿದ್ದೆಗೆ ಜಾರಿದೆ. ನದಿ ದಾಟಿದ್ದು ಗೊತ್ತಾಗಲಿಲ್ಲ. ಗೊತ್ತಾಯಿತೆಂದು ಈಗ ಬರೆದರೆ ಅದು ಆಮೇಲೆ ಎಷ್ಟೋ ಸಲ ಬಸ್ಸಿನಿಂದ ನೋಡಿದ ನದಿ.

ಯಳಂದೂರಿನ ಹೋಟೆಲಿನಲ್ಲಿ ಎರಡು ಇಡ್ಲಿ, ಕಾಫಿ. ತಲೆಗೆ ನಲವತ್ತು ಪೈಸೆ. ಹೋಟೆಲಿನವನು ಗಲ್ಲಾದಿಂದಲೇ ಕೇಳಿದ: "ಏನ್ ಗುರುಮಲ್ಲಪ್ನೋರೆ, ಮುದಿ ಎಮ್ಮೆ ಮ್ಯಾಲೆ ಇವತ್ತು ಯಾರನ್ನ ಏರ್ಸ್ಕ ಬಂದ್ರಿ?"

"ಇವ್ರಾ? ಎಮ್ಮೆ ನಾಡಿ ನೋಡೋ ಡಾಕ್ಟ್ರು. ಇನ್ನೆಷ್ಟು ದಿನ ಅಂತ ಬರಕೊಡ್ತಾರಂತೆ."

"ಅಂಗೇ ನಿಮ್ದೂ ಬರಸ್ಕ ಬುಡಿ."

"ನಂದು ಯಾರ್ಗೂ ಬೇಕಿಲ್ಲ ಕಣಪ್ಪ, ಅದ್ಕೇ ಗಟ್ಟಿಯಾಗಿವ್ನಿ."

ಎಲ್ಲರೂ ನಕ್ಕರು. ಅವನೂ ನಕ್ಕ. ನಗುತ್ತಲೇ ಕಿಟಕಿಯಾಚೆ ನಿಂತಿದ್ದ ಗಾಡಿಯ ಕಡೆ ನೋಡಿದ, ಅದಕ್ಕೆ ಕೇಳಿಸಿತೇನೋ ಎನ್ನುವಂತೆ. ಇಲ್ಲ, ಇದು ನನ್ನ ಕಲ್ಪನೆ ಇರಬಹುದು.

ಅಗರದಲ್ಲಿ ನಾನೊಂದು ವಿಚಿತ್ರ ನೋಡಿದೆ. ಊರು ಇನ್ನೂ ದೂರವಿರುವಾಗಲೇ ಅವನು ಗಾಡಿಯನ್ನು ಹುಣಸೆ ಮರದ ಕೆಳಗೆ ನಿಲ್ಲಿಸಿದ. ಕಾಲುವೆಗಿಳಿದು ಸೀಗೆಪುಡಿ ಹಾಕಿ ಮೊಣಕೈವರೆಗೆ ತೊಳೆದ, ಚೀಲದಲ್ಲಿದ್ದ ಬೇರೆ ಅಂಗಿ ತೊಟ್ಟ. ಹಾಳೆಗಳನ್ನು ಹಿಡಿದು ನಡೆದುಹೋಗಿ, ಹುಳದ ಮನೆಯ ಹೊಸಿಲಿಂದ ನಾಲ್ಕು ಮಾರು ಈಚೆ ನಿಂತು ಕೂಗಿದ. ಒಳಗಿನ ಹೆಂಗಸು ಬಂದು ಮೊಟ್ಟೆ ತೆಗೆದುಕೊಂಡಳು. ಅವನನ್ನು ಬಾ ಎನ್ನಲಿಲ್ಲ. ಪೆಟ್ರೋಲಿನ ವಾಸನೆ ತಾಗಿದರೆ ಹುಳ ಮೇವು ಬಿಡುತ್ತದೆ ಎಂಬುದು ಅಲ್ಲಿಯ ನಂಬಿಕೆ. ನಾನು ಓದಿದ ಪುಸ್ತಕಗಳೂ ಅದನ್ನು ಅಲ್ಲಗಳೆಯುವುದಿಲ್ಲ.

"ಅಂದ್ರೆ ಮೊಟ್ಟೆ ಒಡೆದು ಹುಳ ಬರೋದನ್ನ ನೀವು ನೋಡೇ ಇಲ್ವಾ?" ಎಂದು ಕೇಳಿದೆ.

"ಹದಿನಾರು ವರ್ಷದಿಂದ ತರ್ತಾವ್ನಿ ಸಾ. ನೋಡಿಲ್ಲ. ಪೋಸ್ಟ್‌ಮ್ಯಾನು ಕಾಗದ ಓದ್ತಾನಾ?"

ಹಿಂದಿರುಗುವಾಗ ಹಾಳೆಯ ಕೊನೆಯ ಪ್ರಶ್ನೆಯನ್ನು ಅವನಿಗೇ ಕೇಳಿದೆ: ಚೆನ್ನಾಗಿ ನೋಡಿಕೊಂಡರೆ ಇಂಥ ಗಾಡಿ ಎಷ್ಟು ಕಾಲ ಬಾಳುತ್ತದೆ? ಪ್ರತಿ ಅಮಾವಾಸ್ಯೆಗೆ ಎಣ್ಣೆ ಬದಲಾಯಿಸುತ್ತೇನೆ ಎಂದ. ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿ ಎಣ್ಣೆಯಲ್ಲಿ ಅದ್ದಿಡುತ್ತೇನೆ, ಬೇರೆಯವರಿಗೆ ಕೊಡುವುದಿಲ್ಲ ಎಂದ. ಕೊನೆಗೆ ತುಸು ನಾಚಿಕೊಂಡು ಹೇಳಿದ: "ಸೋಮಾರ ಇದನ್ನ ಎಬ್ಸಲ್ಲ ಸಾ. ಎತ್ತುಗೆ ಸೋಮಾರ ನೊಗ ಮಡಗ್ತೀವಾ? ಇದೂ ಅಂಗೇ. ವಾರಕ್ಕೊಂದು ದಿನ ಮಲೀಕಳ್ಳಿ. ಇಂಜಿನ್ ಬಿಚ್ಚಿದ್ದು ಎರಡೇ ಸಲ." ನಾನು ಅದನ್ನು ಬರೆದುಕೊಂಡೆ. ಬರೆಯುವಾಗ ನಕ್ಕೆನೇ? ನಗಲಿಲ್ಲವೆಂದು ನಂಬಲು ಇಷ್ಟಪಡುತ್ತೇನೆ.

ಬುಧವಾರ ಹನೂರಿನ ದಾರಿ. ಹದಿನೈದು ಮೈಲಿ, ಅಲ್ಲಿಂದ ಮುಂದೆ ಮಾರ್ಟಳ್ಳಿಗೆ ಇನ್ನೂ ಅಷ್ಟೇ, ಕೆಟ್ಟ ರಸ್ತೆ. ಆ ದಿನದ ಹಾಳೆಗಳೆಲ್ಲ ಮಾರ್ಟಳ್ಳಿಯ ಒಂದೇ ಮನೆಯವು, ಮರುದಿನ ಬೆಳಿಗ್ಗೆ ಒಡೆಯಬೇಕಾದವು. ಬೆಟ್ಟಗಳು ಬೂದು ಬಣ್ಣದಲ್ಲಿ ಒಂದರ ಹಿಂದೊಂದು ಬಂದು ನಿಂತು, ನಾವು ಹತ್ತಿರವಾದಂತೆಲ್ಲ ಹಿಂದೆ ಸರಿಯುತ್ತಿದ್ದವು. ಹನೂರಿಗೆ ಬಂದಾಗ ಬಿಸಿಲು ಚುರುಕಾಗಿತ್ತು. ಹೋಟೆಲಿನ ಹಂಡೆಯಿಂದ ಮೂರು ಚೊಂಬು ನೀರು ಗೋಣಿಯ ಮೇಲೆ ಸುರಿದದ್ದಾಯಿತು. ದಿನಚರಿಯಲ್ಲಿ ಇಷ್ಟೇ ಇದೆ, ಮೂರು ಚೊಂಬು. ಚೊಂಬು ಹಿಡಿದಿದ್ದ ಕೈ ಯಾರದು ಎಂಬುದಿಲ್ಲ.

ಹನೂರು ಬಿಟ್ಟು ಐದಾರು ಮೈಲಿಗೆ ಇಂಜಿನ್ನು ಒಮ್ಮೆ ಕೆಮ್ಮಿತು. ಗುರುಮಲ್ಲಪ್ಪನ ಬೆನ್ನು ನೆಟ್ಟಗಾಯಿತು. ಮತ್ತೆ ಕೆಮ್ಮಿತು. ಆಮೇಲೆ ಸದ್ದೇ ಇಲ್ಲದೆ ಇಳಿಜಾರಿನಲ್ಲಿ ಸ್ವಲ್ಪ ದೂರ ತೇಲಿದೆವು. ಗಾಳಿ, ಚೈನಿನ ಕಿರುಸದ್ದು, ಎಲ್ಲೋ ಮೇಕೆಯ ಗಂಟೆ. ಎಷ್ಟು ಹಿತವಾಗಿತ್ತೆಂದರೆ ನಿಂತೇಬಿಟ್ಟೆವೆಂದು ತಿಳಿಯಲು ನನಗೆ ಹೊತ್ತು ಹಿಡಿಯಿತು.

ಅವನು ಪೆಟ್ಟಿಗೆಯನ್ನು ನೆರಳಲ್ಲಿಟ್ಟು ಪ್ಲಗ್ಗು ಬಿಚ್ಚಿದ, ಒರೆಸಿದ, ಹಾಕಿದ. ಒದ್ದ. ಮತ್ತೆ ಒದ್ದ. ಮೇಕೆ ಕಾಯುವವನೊಬ್ಬ ಕೋಲಿಗೆ ಗದ್ದ ಊರಿ ನಿಂತು ನೋಡಿ, "ಇದರ ಆಯಸ್ಸು ಮುಗೀತು ಕಣಣ್ಣೋ, ತೂಕಕ್ಕೆ ಹಾಕ್ಬುಡು" ಎಂದ.

"ನಿನ್ನ ಮೇಕೆ ಅಲ್ಲಿ ಹುರುಳಿ ಹೊಲಕ್ಕೆ ಬಿದ್ದವೆ. ಮೊದ್ಲು ಅವುರ್ ಆಯಸ್ಸು ನೋಡ್ಕ ಓಗ್ಲಾ" ಎಂದ ಗುರುಮಲ್ಲಪ್ಪ. ಆದರೆ ನನ್ನ ಜೇಬಿನ ಕಡೆ ಒಮ್ಮೆ ನೋಡಿ ಕಣ್ಣು ತಿರುಗಿಸಿದ.

ಏನೂ ತೋಚದೆ ನಾನು ಪೆಟ್ಟಿಗೆ ತೆರೆದು, ಕಪ್ಪು ಬಟ್ಟೆ ಸರಿಸಿ ನೋಡಿದೆ. ಮೊಟ್ಟೆಗಳು ನೀಲಿಗಟ್ಟಿದ್ದವು. ನೀಲಿಗಟ್ಟಿದ ಮೊಟ್ಟೆಗೆ ಬೆಳಕು ತಾಗಿದರೆ ಅದು ಒಡೆಯಲು ಅವಸರಪಡುತ್ತದೆ. ಅದನ್ನು ಓದಿದವನು ನಾನು, ಬೆಳಕು ತೋರಿಸಿದವನೂ ನಾನು. ಬಟ್ಟೆ ಮುಚ್ಚಿದೆ. ಅರ್ಧ ಗಂಟೆಯ ಮೇಲೆ ಮತ್ತೆ ನೋಡಿದರೆ ಹಾಳೆಯ ಅಂಚಿನಲ್ಲಿ ಕಪ್ಪು ಕೂದಲಿನ ಚೂರುಗಳಂಥವು ಅಲುಗುತ್ತಿದ್ದವು. ಹುಟ್ಟಿದ ಹುಳಕ್ಕೆ ಹೊತ್ತಿಗೆ ಸರಿಯಾಗಿ ಎಳೆಸೊಪ್ಪು ಸಿಗದಿದ್ದರೆ ಮಾರ್ಟಳ್ಳಿಯ ಮನೆಗೆ ಆ ಬೆಳೆ ಇಲ್ಲ. ಗಾಡಿ ಬಾಳದು ಎನ್ನುವುದಕ್ಕೂ ಬೇರೆ ಸಾಕ್ಷಿ ಬೇಕಿಲ್ಲ.

ರಸ್ತೆಯಿಂದ ಕೂಗಳತೆಯಲ್ಲಿ ಹಿಪ್ಪುನೇರಳೆ ತೋಟ, ಅದರ ನಡುವೆ ಒಂದು ಹಂಚಿನ ಮನೆ ಇತ್ತು. ಪೆಟ್ಟಿಗೆ ಎತ್ತಿಕೊಂಡು ಓಡಿದೆವು. ಮನೆಯವಳು ಚಿಕ್ಕತಾಯಮ್ಮ, ಅರವತ್ತು ದಾಟಿದವಳು, ಶಾಗ್ಯ ಎಂಬ ಊರಿಂದ ಸೊಸೆಯಾಗಿ ಬಂದವಳೆಂದು ಆಮೇಲೆ ತಿಳಿಯಿತು. ಹಾಳೆ ನೋಡಿದವಳೇ ಏನು, ಎತ್ತ ಎಂದು ಕೇಳಲಿಲ್ಲ. ತುದಿಯ ಸೊಪ್ಪು ಕೊಯ್ದು ತಂದು, ನೂಲಿನಷ್ಟು ಸಣ್ಣಗೆ ಹೆಚ್ಚತೊಡಗಿದಳು. ಹಿಂದಿನ ವಾರ ಗೂಡು ಮಾರಿ, ಸಾರಿಸಿ ಬರಿದು ಮಾಡಿದ್ದ ಹುಳದ ಮನೆಯಲ್ಲಿ ತಟ್ಟೆ ಹಾಸಿದಳು.

"ಇಬ್ರೂ ಬನ್ನಿ. ನನ್ನೊಬ್ಳ ಕೈಲಿ ಆಗಾಕಿಲ್ಲ."

ನಾನು ಒಳಗೆ ಹೋದೆ. ಗುರುಮಲ್ಲಪ್ಪ ಅಂಗಳದಲ್ಲೇ ನಿಂತ. "ನಾನ್ ಬರಲ್ಲ ಕಣವ್ವ. ಮೈಯೆಲ್ಲ ಪೆಟ್ರೋಲು."

"ಅವು ಹುಟ್ಟಿದ್ದೇ ಪೆಟ್ರೋಲ್ ವಾಸ್ನೇಲಿ. ಹೆತ್ತೋಳಿಗಿಂತ ನೀನೇ ಹತ್ರದೋನು. ಕೈ ತೊಳ್ಕಂಡು ಬಾ ಒಳೀಕೆ."

ಅವನು ತೊಳೆದ. ಮತ್ತೆ ತೊಳೆದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಟವೆಲಿನಿಂದ ಮೂಗುಬಾಯಿ ಕಟ್ಟಿಕೊಂಡು ಒಳಗೆ ಬಂದ. ಒಳಗೆ ಹಸಿರುಗಪ್ಪು ಕತ್ತಲೆ, ಸಗಣಿ ಮತ್ತು ಸೊಪ್ಪಿನ ವಾಸನೆ. ಚಿಕ್ಕತಾಯಮ್ಮ ಅವನ ಕೈಗೆ ಕೋಳಿಪುಕ್ಕ ಕೊಟ್ಟು, ಹುಳಗಳನ್ನು ಹಾಳೆಯಿಂದ ಸೊಪ್ಪಿಗೆ ಹೇಗೆ ಸವರಿಳಿಸಬೇಕೆಂದು ತೋರಿಸಿದಳು. ಮಂಡಿಯೂರಿ ಕೂತು ಆತ ಸವರಿದ. ಹಾಳೆಯ ಮೇಲೆ ಒಡೆಯುತ್ತಿದ್ದ ಒಂದು ಮೊಟ್ಟೆಯ ಬಳಿ ಮುಖ ತಂದು ಬಹಳ ಹೊತ್ತು ಹಾಗೇ ಇದ್ದ. ಯಾರೂ ಅವನನ್ನು ಎಬ್ಬಿಸಲಿಲ್ಲ.

ಎದ್ದಾಗ ಅವನು ಬೇರೆ ಮನುಷ್ಯನಂತೆ ನಿಧಾನವಾಗಿದ್ದ. ಗಾಡಿಯ ಬಳಿ ಹೋಗಿ ಕಾರ್ಬುರೇಟರಿನ ತಳದ ಬಟ್ಟಲು ಬಿಚ್ಚಿ ಅಂಗೈಗೆ ಸುರಿದುಕೊಂಡ. ಪೆಟ್ರೋಲು ಬೆರಳ ಸಂದಿಯಲ್ಲಿ ಆರಿಹೋಯಿತು. ನಡುವೆ ಬೆಳ್ಳಗಿನ ಹನಿಗಳು ಉಳಿದವು. ನೀರು. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಗೆಂದು ಸೂಜಿಯಷ್ಟು ತೂತಿರುತ್ತದೆ. ಎರಡು ದಿನ ಒದ್ದೆ ಗೋಣಿ ಅದರ ಮೇಲೇ ಕೂತಿತ್ತು, ಮೇಲೆ ಮೂರು ಚೊಂಬು.

"ಗಾಡಿ ಸತ್ತಿಲ್ಲ ಸಾ" ಎಂದ. ಕೂಗಲಿಲ್ಲ. "ನೀರು ಕುಡ್ದದೆ."

ಚಿಕ್ಕತಾಯಮ್ಮನಿಂದ ಒಂದು ಹಳೇ ಡಬ್ಬ ತಂದು ಟ್ಯಾಂಕು ಬಸಿದು, ತಿಳಿಯಾಗಲು ಬಿಟ್ಟು, ಮೇಲಿನ ಪೆಟ್ರೋಲನ್ನಷ್ಟೇ ಬಟ್ಟೆಯಲ್ಲಿ ಸೋಸಿ ಹಾಕಿದ. ಎರಡನೆಯ ಒದೆತಕ್ಕೆ ಇಂಜಿನ್ನು ಎದ್ದಿತು. ಅದೇ ಸಮನಾದ ಸದ್ದು. ಹುಳಗಳ ತಟ್ಟೆಯನ್ನು ಬುಟ್ಟಿಯಲ್ಲಿಟ್ಟು ನನ್ನ ತೊಡೆಯ ಮೇಲೆ ಕೊಟ್ಟರು. ಕೂಸನ್ನು ತವರಿಂದ ಕರೆದೊಯ್ಯುವಂತೆ ನಡಿಗೆಯ ವೇಗದಲ್ಲಿ ಹೋದೆವು. ಮಾರ್ಟಳ್ಳಿ ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ಮನೆಯ ಯಜಮಾನ ಮೊದಲು ತಮಿಳಿನಲ್ಲೂ ಆಮೇಲೆ ಕನ್ನಡದಲ್ಲೂ ಬೈದು, ಹುಳ ನೋಡಿದ ಮೇಲೆ ಸುಮ್ಮನಾಗಿ, ನಮಗೆ ರಾಗಿಮುದ್ದೆ, ಅವರೆಕಾಳಿನ ಸಾರು ಹಾಕಿಸಿದ. ಗುರುಮಲ್ಲಪ್ಪನನ್ನು ಮಾತ್ರ ಹುಳದ ಮನೆಯಿಂದ ದೂರ, ಜಗಲಿಯ ಮೇಲೆಯೇ ಕೂರಿಸಿದರು.

ವಾಪಸು ಬರುವಾಗ ಅವನು ತಿರುಗದೆಯೇ ಕೇಳಿದ: "ಮೊಟ್ಟೆ ಒಡೆಯವಾಗ ಒಂದು ಸದ್ದು ಬತ್ತದಲ್ಲ ಸಾ, ನಿಮ್ಗೆ ಕೇಳುಸ್ತಾ?"

ಸದ್ದು ಬರುವುದಿಲ್ಲ. ಬಂದರೂ ಮನುಷ್ಯನ ಕಿವಿಗೆ ಕೇಳುವಂಥದ್ದಲ್ಲ. ಹಾಗೆಂದೆ. ಅಂದಿನ ದಿನಚರಿಯಲ್ಲೂ "ಸದ್ದಿಲ್ಲ" ಎಂದೇ ಬರೆದಿದ್ದೇನೆ. ಆದರೆ ಈಚೆಗೆ ಆ ಕತ್ತಲೆಯ ಕೋಣೆ ನೆನೆದರೆ ನನಗೂ ಏನೋ ಕೇಳುತ್ತದೆ, ದೂರದಲ್ಲಿ ಒಣಗಿದ ಎಲೆಯ ಮೇಲೆ ಮಳೆ ಶುರುವಾದಂತೆ. ಅದು ಅವನ ನೆನಪು, ನನ್ನದಲ್ಲ. ಯಾವಾಗ ನನ್ನೊಳಗೆ ಬಂತೋ ಗೊತ್ತಿಲ್ಲ.

ಕೊಳ್ಳೇಗಾಲದ ಹೊರಗೆ, ಕೋಠಿ ಕಾಣುವ ಮುಂಚೆ, ಅವನು ಗಾಡಿ ನಿಲ್ಲಿಸಿದ. "ಸಾ, ನಿಂತದ್ದು ನಿಂತದ್ದೇ. ಸುಳ್ಳು ಬರೀಬ್ಯಾಡಿ. ಆದ್ರೆ ನೀರು ಸುರಿದೋನು ಗುರುಮಲ್ಲಪ್ಪ ಅಂತ ಬರೀರಿ. ನನ್ಗೆ ಬೈಯ್ಲಿ. ಗಾಡಿ ಮ್ಯಾಲೆ ಬರಬಾರ್ದು, ಅಷ್ಟೇಯ."

"ಸುರಿದದ್ದು ನಾನಲ್ವಾ?"

"ಯಾರೋ ಸುರುದ್ವಿ. ನನ್ಗೂ ನೆಪ್ಪಿಲ್ಲ." ಅದು ನಿಜವೋ, ನನ್ನ ಮೇಲಿನ ಕರುಣೆಯೋ, ಇಂದಿಗೂ ಹೇಳಲಾರೆ.

ಆ ಸಂಜೆ ಹಾಳೆ ತುಂಬಿದೆ. ದಾರಿಯಲ್ಲಿ ನಿಂತಿತೇ: ಹೌದು. ಕಾರಣ: ನಾನು ಸುರಿದ ನೀರು ಪೆಟ್ರೋಲಿಗೆ ಸೇರಿದ್ದು. ನನಗೆ ಖಾತ್ರಿಯಿಲ್ಲದ ಸಂಗತಿಯನ್ನು ಖಾತ್ರಿಯೆಂದು ಬರೆದದ್ದು ಜೀವಮಾನದಲ್ಲಿ ಅದೊಂದೇ ಸಲ ಎಂದುಕೊಂಡಿದ್ದೇನೆ. ಇನ್ನೆಷ್ಟು ಕಾಲ ಬಾಳಬಹುದು ಎಂಬಲ್ಲಿ "ಈಗಿನ ಸವಾರನ ಕೈಯಲ್ಲಿರುವವರೆಗೆ" ಎಂದು ಬರೆದೆ. ಮೇಲಿನವರು ನನ್ನನ್ನು ಕರೆದು, ನೀವು ಓದಿದ್ದು ಏನು ಎಂದು ಕೇಳಿದರು. ಗಾಡಿಯನ್ನು ಹರಾಜಿಗೆ ಹಾಕಲಿಲ್ಲ.

ಸುದ್ದಿ ಹೇಳಿದಾಗ ಗುರುಮಲ್ಲಪ್ಪ ತಲೆಯಾಡಿಸಿ, "ಇನ್ಮ್ಯಾಲೆ ನೀವು ಬಸ್ಸಲ್ಲೇ ಬನ್ನಿ ಸಾ" ಎಂದ.

ಮುಂದಿನ ಸಲ ಬಸ್ಸಲ್ಲೇ ಹೋದೆ. ಹನೂರಿನಾಚೆ ನಮ್ಮ ಬಸ್ಸು ಅವನನ್ನು ಹಿಂದೆ ಹಾಕಿತು. ಪೆಟ್ಟಿಗೆ ಮತ್ತೆ ಹಿಂದಿನ ಸೀಟಿಗೆ ಬಂದಿತ್ತು. ಹಿಂದಿನ ಕಿಟಕಿಯಿಂದ ನೋಡಿದೆ: ಧೂಳು ಇಳಿಯುವವರೆಗೆ ಅವನು ರಸ್ತೆಯ ಅಂಚಿಗೆ ಸರಿದು ಕಾದ, ಅವಸರವಿಲ್ಲದೆ ಮತ್ತೆ ಹೊರಟ. ಅವನ ಮೂವತ್ತು ಮೈಲಿಗೆ ನಮ್ಮ ನಲವತ್ತು, ಸಣ್ಣಗಾಗುತ್ತ ಹೋದ. ತಿರುವಿನಲ್ಲಿ ಹಸಿರು ಅವನನ್ನು ಮುಚ್ಚಿತು.