ಎರಡು ಇಂಚು ಸಡಿಲ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಒಂಬತ್ತನೇ ತರಗತಿ ಅರ್ಧಕ್ಕೇ ಶಾಲೆ ಬಿಟ್ಟವಳು, ಮಾತುಗಳೂ ಅಷ್ಟಕ್ಕಷ್ಟೆ. ಪ್ರತಿ ಸಾಲನ್ನೂ ಹಳೆಯ ಬಿಲ್ಲುಗಳ ಹಿಂಬದಿಯಲ್ಲಿ ಒಮ್ಮೆ ಬರೆದು, ಆಮೇಲೆ ಇಲ್ಲಿಗೆ ಇಳಿಸಿದ್ದೇನೆ. ಇದು ನನ್ನ ಸೋದರತ್ತೆಯ ಕಥೆ. ಇದರಲ್ಲಿ ನನ್ನ ಕೆಲಸ ಏನೂ ಇಲ್ಲ. ಆದ್ದರಿಂದ ನಾನು ಪಕ್ಕಕ್ಕೆ ಸರಿಯುತ್ತೇನೆ.

ಅತ್ತೆ ದರ್ಜಿ. ಮೂರನೇ ವಯಸ್ಸಿನಲ್ಲಿ ಬಂದ ಜ್ವರ ಅವಳ ಎರಡೂ ಕಾಲುಗಳ ಬಲವನ್ನು ಹೊತ್ತುಕೊಂಡು ಹೋಯಿತು. ಆ ಬಲ ಎಲ್ಲೂ ಹೋಗಿಲ್ಲ, ತೋಳಿಗೆ ಏರಿ ಕೂತಿದೆ ಎಂದು ಅವಳೇ ಹೇಳುತ್ತಾಳೆ. ಹೊಲಿಗೆ ಯಂತ್ರದ ಚಕ್ರವನ್ನೂ ಕೈಯಲ್ಲೇ ತಿರುಗಿಸುತ್ತಾಳೆ, ಗಾಲಿಕುರ್ಚಿಯ ಚಕ್ರವನ್ನೂ ಕೈಯಲ್ಲೇ. ಕೊರಳಲ್ಲಿ ಸದಾ ಅಳತೆ ಟೇಪು. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ: ಬೀದಿಗೆ ತೆರೆದ ಅಗಲವಾದ ಬಾಗಿಲು, ಅವಳ ಮೊಣಕೈ ಮಟ್ಟಕ್ಕೆ ಕಾಲು ಕತ್ತರಿಸಿದ ಮೇಜು, ಕೈಗೆಟಕುವಷ್ಟೇ ಎತ್ತರದಲ್ಲಿ ದಾರದ ಉಂಡೆಗಳು. ಆ ಕೋಣೆಯಲ್ಲಿ ತೊಂದರೆಪಡುವವರು ನಿಂತವರೇ. ಬಂದವರೆಲ್ಲ ಸೊಂಟ ಬಗ್ಗಿಸಿ ಮಾತಾಡಬೇಕು. ಬಟ್ಟೆ ಬಿಗಿಯಾಯಿತೆಂದು ಈ ಬೀದಿಯಲ್ಲಿ ಒಬ್ಬರೂ ವಾಪಸ್ ತಂದವರಿಲ್ಲ ಎನ್ನುವುದು ಅವಳ ಹೆಮ್ಮೆ.

ಅವಳಿಗೊಬ್ಬ ತಂಗಿ, ಅಂದರೆ ನನ್ನ ಚಿಕ್ಕತ್ತೆ. ಇಬ್ಬರಿಗೂ ಕೆಲಸ ಕಲಿಸಿದವರು ದರ್ಜಿಯೇ ಆಗಿದ್ದ ನಮ್ಮ ತಾತ. ಏಳು ವರ್ಷದ ಹಿಂದೆ ಚಿಕ್ಕತ್ತೆ ದೂರದ ಊರಿಗೆ ಹೊರಟು ನಿಂತಾಗ ಅತ್ತೆ, "ಒಂದಿನ ನಾನೂ ಬರ್ತೀನಿ" ಎಂದಳು. ಗಂಟುಮೂಟೆ ಕಟ್ಟುವ ಗಡಿಬಿಡಿಯಲ್ಲಿ ತಂಗಿಯ ಬಾಯಿ ಜಾರಿತು: "ಸುಮ್ನಿರಕ್ಕ, ನಿನ್ನನ್ನ ವಿಮಾನಕ್ಕೆ ಯಾರು ಹತ್ತಿಸ್ಕೋತಾರೆ?"

ಅಷ್ಟೇ. ಆ ಒಂದು ಮಾತು ಏಳು ವರ್ಷ ಬಾಳಿತು. ಫೋನಿಲ್ಲ, ಕಾಗದವಿಲ್ಲ. ಈ ವರ್ಷ ಇದ್ದಕ್ಕಿದ್ದಂತೆ ವಿಮಾನದ ಟಿಕೆಟ್ಟು ಬಂತು. ಜೊತೆಗೊಂದು ಚೀಟಿ: "ಅಕ್ಕ, ಆವತ್ತು ನನ್ನ ನಾಲಿಗೆ ಕೆಟ್ಟಿತ್ತು. ಬಾ."

ಅತ್ತೆ ಚೀಟಿಯನ್ನು ಸೂಜಿಯ ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿದಳು. "ಈಗ ಹತ್ತದೇ ಹೋದ್ರೆ ಅವಳ ಮಾತೇ ನಿಜ ಆಗುತ್ತೆ ಕಣ್ರೀ" ಎಂದಳು ಗಂಡನಿಗೆ, ಅಂದರೆ ನನ್ನ ಮಾವನಿಗೆ. "ಇಲ್ಲಾಂದ್ರೆ, ಅಕ್ಕ ಇನ್ನೂ ಸಿಟ್ಟಲ್ಲೇ ಇದಾಳೆ ಅಂದ್ಕೋತಾಳೆ. ಎರಡೂ ಬೇಡ."

ಆ ಟಿಕೆಟ್ಟಿನ ಬಾಲ ಹಿಡಿದು ಐದು ಪುಟದ ವೈದ್ಯಕೀಯ ಅರ್ಜಿ ಬಂತು. ಗಾಲಿಕುರ್ಚಿಯಲ್ಲಿ ಬರುವವರು ಅದನ್ನು ತುಂಬಿ, ವೈದ್ಯರ ಸಹಿ ಮೊಹರು ಹಾಕಿಸಿ, ವಿಮಾನ ಹೊರಡುವ ಎರಡು ದಿನ ಮೊದಲು ಸಂಜೆ ಐದರೊಳಗೆ ಕಚೇರಿಗೆ ಮುಟ್ಟಿಸಬೇಕು. ಒಂದು ನಿಮಿಷ ತಡವಾದರೂ ಟಿಕೆಟ್ಟು ರದ್ದು.

ಮಾವ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಅರ್ಜಿಗಳ ನಡುವೆಯೇ ಬದುಕಿದವರು. ಖಾಲಿ ಬಿಟ್ಟ ಜಾಗ ಕಂಡರೆ ಅವರ ಕೈ ತುರಿಸುತ್ತದೆ. ಕನ್ನಡಕ ಒರೆಸಿಕೊಂಡು ಮೇಜಿಗೆ ಬಂದು ಕೂತರು.

"ಕುರ್ಚಿಗೆ ಬ್ಯಾಟರಿ ಇದೆಯೇ?"

"ಇಲ್ಲ."

"ಇದ್ದರೆ, ಒಣ ಬ್ಯಾಟರಿಯೋ ಒದ್ದೆ ಬ್ಯಾಟರಿಯೋ?"

"ಇಲ್ಲ ಅಂದ್ನಲ್ರೀ!"

"ಖಾಲಿ ಬಿಡಬಾರದು ಕಣೇ. ಖಾಲಿ ಬಿಟ್ರೆ ಅದನ್ನೇ ಹಿಡ್ಕೊಂಡು ವಾಪಸ್ ಕಳಿಸ್ತಾರೆ."

ಅತ್ತೆ ರಟ್ಟೆ ಮಡಿಸಿ ತೋರಿಸಿದಳು. "ಇದೇ ನನ್ನ ಬ್ಯಾಟರಿ. ಬಿಸಿಲಲ್ಲಿ ಒದ್ದೆ, ಚಳಿಯಲ್ಲಿ ಒಣ. ಬರ್ಕೊಳ್ಳಿ."

ಮಾವ ಗಂಭೀರವಾಗಿ ಬರೆದರು: ಇಲ್ಲ. ಇದ್ದಿದ್ದರೆ ಒಣದೇ ಇರುತ್ತಿತ್ತು.

"ಪ್ರಯಾಣದಲ್ಲಿ ಆಮ್ಲಜನಕ ಬೇಕೇ?"

ಅತ್ತೆ ಸೂಜಿ ಕೆಳಗಿಟ್ಟಳು. "ಬೇಡ ಅಂತ ಹೇಗೆ ಬರೆಯೋದು? ಅಲ್ಲಿವರೆಗೂ ಉಸಿರು ಬಿಗಿ ಹಿಡ್ಕೊಂಡು ಹೋಗ್ಲಾ?"

ಅದು ಮಾವನಿಗೂ ನ್ಯಾಯವೆನಿಸಿತು. ಬರೆದರು: ಹೌದು, ಉಳಿದವರಿಗೆ ಕೊಡುವಷ್ಟು.

ಕೊನೆಯ ಪುಟದಲ್ಲಿ ಕುರ್ಚಿಯ ಅಳತೆ ಕೇಳಿದ್ದರು. "ಇದಕ್ಕೆ ಮಾತ್ರ ನೀವು ಕೈ ಹಾಕ್ಬೇಡಿ. ಇದು ನನ್ನ ಇಲಾಖೆ" ಎಂದು ಅತ್ತೆ ಬೆಂಚಿಗೆ ಸರಿದು ಕೂತು, ಕುರ್ಚಿಯನ್ನು ಮಡಿಸಿ ನಿಲ್ಲಿಸಿ, ಕೊರಳಿನ ಟೇಪು ತೆಗೆದಳು. ಎತ್ತರ, ಅಗಲ, ಉದ್ದ ಅಳೆದು, ದುಂಡಗೆ ತಾನೇ ಬರೆದಳು.

ವೈದ್ಯರ ಕ್ಲಿನಿಕ್ಕು ಎರಡು ಬೀದಿ ಆಚೆ. ಅದಕ್ಕೆ ಮೂರು ಮೆಟ್ಟಿಲು. ಅತ್ತೆ ಹತ್ತುವುದಿಲ್ಲ, ವೈದ್ಯರೇ ಇಳಿಯುತ್ತಾರೆ. ಮೂರು ಮೆಟ್ಟಿಲಿಗೇ ಏದುಸಿರು ಬಿಡುತ್ತಾ ಬಂದ ವೈದ್ಯರು ಬೀದಿ ಬದಿಯಲ್ಲೇ ಅವಳ ಎದೆಬಡಿತ ಕೇಳಿದರು.

"ಏನು ತೊಂದ್ರೆ?"

"ಅರ್ಜಿ, ಡಾಕ್ಟ್ರೇ."

ವೈದ್ಯರು ಓದುತ್ತಾ ಹೋದರು. "ಕಾಯಿಲೆ ಶುರುವಾಗಿದ್ದು ಯಾವಾಗ... ಸಂಪೂರ್ಣ ಗುಣವಾಗುವ ನಿರೀಕ್ಷಿತ ದಿನಾಂಕ..." ತಲೆ ಎತ್ತಿ ಅವಳನ್ನೇ ನೋಡಿದರು. "ಇದಕ್ಕೇನು ಬರೀಲಿ?"

"ಮುಂದಿನ ಮಂಗಳವಾರ ಅಂತ ಹಾಕಿ. ಬುಧವಾರ ನಂಗೆ ಬೇರೆ ಕೆಲಸ ಇದೆ."

"ತಮಾಷೆ ಬೇಡ ಕಣಮ್ಮ."

"ತಮಾಷೆ ಶುರು ಮಾಡಿದ್ದು ಅವರು. ನಲವತ್ತೈದು ವರ್ಷದಿಂದ ಹೀಗೇ ಇದೀನಿ. ಹನ್ನೊಂದು ವರ್ಷದಿಂದ ನಿಮ್ಮ ಹತ್ರ ಒಂದು ಮಾತ್ರೆ ತಗೊಂಡಿಲ್ಲ. ನಿಮ್ಮ ಉಸಿರು ಕೇಳಿದ್ರೆ ಈ ಸರ್ಟಿಫಿಕೇಟು ನಿಮಗೇ ಬೇಕಾಗಿದೆ."

ವೈದ್ಯರು ನಕ್ಕು, "ಅನ್ವಯಿಸುವುದಿಲ್ಲ" ಎಂದು ಬರೆದು ಮೊಹರು ಗುದ್ದಿದರು. ಅಷ್ಟರಲ್ಲಿ ಅತ್ತೆಯ ಕಣ್ಣು ಅವರ ಬಿಳಿ ಕೋಟಿನ ಮೇಲಿತ್ತು. ಭುಜದ ಹೊಲಿಗೆ ಬಿಚ್ಚಿತ್ತು. ಬಿಡಲಿಲ್ಲ, ಅಲ್ಲೇ ಬಿಚ್ಚಿಸಿಕೊಂಡು ಮನೆಗೆ ತಂದು, ಸಂಜೆಯೊಳಗೆ ಹೊಲಿದು ಕಳಿಸಿದಳು.

ಕೊನೆಯ ದಿನ ಮಧ್ಯಾಹ್ನ ಮೂರಕ್ಕೆ ಇಬ್ಬರೂ ವಿಮಾನ ಕಚೇರಿ ತಲುಪಿದರು. ಅಲ್ಲಿನ ಕೌಂಟರು ಎಷ್ಟು ಎತ್ತರವೆಂದರೆ ಅತ್ತೆಗೆ ಒಳಗಿದ್ದ ಹುಡುಗಿಯ ಹಣೆ ಮಾತ್ರ ಕಾಣುತ್ತಿತ್ತು. ಹಣೆ ಅರ್ಜಿಯ ಮೇಲೆ ಬಗ್ಗಿತು. ಹಣೆಯಲ್ಲಿ ಒಂದೊಂದೇ ಗೆರೆ ಮೂಡಿತು.

"ಮೇಡಂ, ನಿಮಗೆ ಆಮ್ಲಜನಕದ ಸಿಲಿಂಡರ್ ಬೇಕಾ?"

"ಸಿಲಿಂಡರ್ರಾ? ಅಯ್ಯೋ, ಗಾಳಿ ಸಾಕು ಮಗಾ."

"ಹಾಗಾದ್ರೆ ಇದನ್ನ ಬೇಡ ಅಂತ ತಿಳ್ಕೋತೀನಿ. ಆದ್ರೆ..." ಹಣೆ ಮೇಲೆದ್ದು ಮುಖವಾಯಿತು. "ನಿಮ್ಮ ಕುರ್ಚಿ ಹೋಗಲ್ಲ ಮೇಡಂ. ಇದು ಚಿಕ್ಕ ವಿಮಾನ. ಸಾಮಾನು ಹಾಕೋ ಬಾಗಿಲು ಮೂವತ್ತೇಳು ಇಂಚು. ನೀವು ಕುರ್ಚಿಯ ಎತ್ತರ ಮೂವತ್ತೆಂಟು ಅಂತ ಬರೆದಿದೀರ."

ಅತ್ತೆಯ ಕೈ ಕೊರಳಿನ ಟೇಪಿಗೆ ಹೋಯಿತು. ನಿನ್ನನ್ನ ಯಾರು ಹತ್ತಿಸ್ಕೋತಾರೆ ಎಂಬ ಹಳೆಯ ಮಾತು ಕಿವಿಯಲ್ಲಿ ಗುಂಯ್ಗುಟ್ಟಿತು. ಒಂದು ಇಂಚು! ಏಳು ವರ್ಷ ಕಳೆದು ಒಂದು ಇಂಚಿಗೆ ಬಂದು ನಿಂತಿದೆ.

"ಇನ್ನೊಂದ್ಸಲ ಅಳೆದು ನೋಡಬಹುದಿತ್ತೇನೋ" ಎಂದರು ಮಾವ ಮೆಲ್ಲಗೆ.

ಅತ್ತೆಗೆ ರೇಗಿತು. "ನನ್ನ ಅಳತೆ ತಪ್ಪಾ? ಇಷ್ಟು ವರ್ಷದಲ್ಲಿ ಯಾರಿಗಾದ್ರೂ ಒಂದೇ ಒಂದು ಬಟ್ಟೆ ಬಿಗಿಯಾಗಿದ್ಯಾ? ಹೇಳಿ ನೋಡೋಣ! ಬಿಗಿಯಾಗೋ ಪ್ರಶ್ನೆಯೇ ಇಲ್ಲ, ಯಾಕಂದ್ರೆ ನಾನು ಯಾವಾಗ್ಲೂ..."

ಮಾತು ಅಲ್ಲೇ ನಿಂತಿತು. ಬಾಯಿ ತೆರೆದೇ ಇತ್ತು.

"ಯಾವಾಗ್ಲೂ?" ಎಂದಳು ಹುಡುಗಿ.

"ಯಾವಾಗ್ಲೂ ಎರಡು ಇಂಚು ಸೇರಿಸಿ ಬರೀತೀನಿ" ಎಂದಳು ಅತ್ತೆ ಪಿಸುದನಿಯಲ್ಲಿ. ಅಳೆದಷ್ಟೇ ಬರೀಬೇಡಿ ಮಕ್ಕಳಾ, ಮೈಗೆ ಆಡೋಕೆ ಜಾಗ ಬೇಕು ಎಂದು ತಾತ ಕಲಿಸಿದ್ದರು. ಅಂಗಿಗೆ ಬಿಟ್ಟಂತೆ ಅವಳು ಕಬ್ಬಿಣದ ಕುರ್ಚಿಗೂ ಸಡಿಲ ಬಿಟ್ಟಿದ್ದಳು.

ಕುಳಿತಲ್ಲೇ ಬಗ್ಗಿ ಟೇಪಿನ ತುದಿಯನ್ನು ನೆಲಕ್ಕೆ ಒತ್ತಿದಳು. ಮಾವ ಕುರ್ಚಿಯ ಹಿಡಿಯವರೆಗೆ ಎಳೆದು ಹಿಡಿದರು. ಹುಡುಗಿ ಕೌಂಟರಿನಿಂದ ಹೊರಗೆ ಬಂದು ಮಂಡಿಯೂರಿ ನೋಡಿದಳು. ಮೂವತ್ತಾರು. ಕೂದಲೆಳೆಯಷ್ಟೂ ಹೆಚ್ಚಿಲ್ಲ.

"ಸರಿಯಾಗಿದೆ ಮೇಡಂ. ಆದ್ರೆ ತಿದ್ದಿದ ಅರ್ಜಿ ತಗೊಳ್ಳೋ ಹಾಗಿಲ್ಲ. ಹೊಸದು ಬರೀಬೇಕು, ಡಾಕ್ಟರ ಮೊಹರೂ ಹೊಸದಾಗಿ ಬೇಕು. ಐದು ಗಂಟೆಗೆ ಬಾಗಿಲು ಹಾಕ್ತೀವಿ."

ಗೋಡೆಯ ಗಡಿಯಾರದಲ್ಲಿ ಮೂರೂವರೆ ದಾಟಿತ್ತು. ಮಾವ ಹೊಸ ಅರ್ಜಿಯನ್ನು ಮಡಿಲಲ್ಲಿಟ್ಟುಕೊಂಡು ತುಂಬಲು ಕೂತರು. ಬ್ಯಾಟರಿಯ ಸಾಲಿಗೆ ಬಂದಾಗ ಅತ್ತೆಯ ಮುಖ ನೋಡಿದರು. "ಬರೀ 'ಇಲ್ಲ' ಅಂತ ಹಾಕಿ, ಮುಂದಿನದು ಖಾಲಿ ಬಿಡಿ" ಎಂದಳು ಅತ್ತೆ. ಮಾವ ಕಣ್ಣು ಮುಚ್ಚಿಕೊಂಡು ಆ ಸಾಲನ್ನು ದಾಟಿದರು.

ಆಮೇಲೆ ಬೀದಿ ಕಂಡದ್ದು ಇದು: ಮುಂದೆ ಗಾಲಿಕುರ್ಚಿ, ಹಿಂದೆ ಮಾವ. ಇಳಿಜಾರಿನಲ್ಲಿ ಅತ್ತೆ ಕೈ ಬಿಟ್ಟಳು. "ನಿಲ್ಲೇ! ನಾನೂ ಬರ್ತೀನಿ!" ಎಂದು ಮಾವ ಕೂಗಿದರು. "ಮೊಹರು ಬೇಕಾಗಿರೋದು ನನಗೆ, ನೀವು ನಿಧಾನಕ್ಕೆ ಬನ್ನಿ!" ಎಂದು ಅತ್ತೆ ತಿರುಗಿಯೂ ನೋಡದೆ ಕೂಗಿದಳು. ಕ್ಲಿನಿಕ್ಕಿನ ಮುಂದೆ ಅವಳು ದನಿ ಎತ್ತಿದ ಕೂಡಲೇ ವೈದ್ಯರು ಹೊಲಿಸಿದ ಕೋಟು ತೊಟ್ಟು, ಕೈಯಲ್ಲಿ ಮೊಹರು ಹಿಡಿದೇ ಇಳಿದು ಬಂದರು. ಅರ್ಜಿಯನ್ನು ಅವಳ ತೊಡೆಯ ಮೇಲಿಟ್ಟೇ ಗುದ್ದಿದರು. "ಈ ಸಲ ಎಲ್ಲಾ ಸರಿ ತಾನೇ?" ಎಂದರು. "ಬಿಗಿಯಾಗಿದೆ ಡಾಕ್ಟ್ರೇ" ಎಂದಳು ಅತ್ತೆ.

ಐದಕ್ಕೆ ಹತ್ತು ನಿಮಿಷ ಇರುವಾಗ ಅರ್ಜಿ ಕೌಂಟರು ಸೇರಿತು. ಎರಡು ದಿನ ಕಳೆದು ಅತ್ತೆ ಹಾರಿದಳು. ಅಲ್ಲಿಳಿದಾಗ ತಂಗಿ ಅಕ್ಕನ ಮಡಿಲಲ್ಲಿ ತಲೆಯಿಟ್ಟು ಅತ್ತಳಂತೆ. "ಹೊಸ ಬಟ್ಟೆ ಕಣೇ, ಒದ್ದೆ ಮಾಡ್ಬೇಡ" ಎಂದಳಂತೆ ಅತ್ತೆ.

ನಿನ್ನೆ ಫೋನು ಬಂತು. ಹೋಗುವಾಗ ಕೊಟ್ಟ ಅರ್ಜಿ ಬರುವಾಗ ನಡೆಯುವುದಿಲ್ಲವಂತೆ, ಹೊಸದು ಬೇಕಂತೆ. ಕುರ್ಚಿಯನ್ನು ಚಿಕ್ಕತ್ತೆಯೇ ಅಳೆದು ತುಂಬಿ ಕೊಟ್ಟಳಂತೆ. ಅರ್ಜಿ ವಾಪಸ್ ಬಂದಿದೆ. ಎತ್ತರ: ಮೂವತ್ತೆಂಟು ಇಂಚು.

"ಅವಳು ಸೇರಿಸಿ ಬರೆಯೋದನ್ನ ನಾನು ನೋಡ್ತಾನೇ ಇದ್ದೆ" ಎಂದಳು ಅತ್ತೆ. ಹಿಂದೆ ಯಾರೋ ನಗುತ್ತಿರುವುದು ಕೇಳುತ್ತಿತ್ತು. "ಬಾಯಿ ಬಿಡ್ಲಿಲ್ಲ. ಇನ್ನೊಂದು ವಾರ ಇರಬಹುದಲ್ಲ! ಎರಡನೇ ಸಲ ಬರೆದ ಅರ್ಜಿಯ ನಕಲು ಮೇಜಿನ ಖಾನೆಯಲ್ಲಿದೆ. ನೋಡ್ಕೊಂಡು ಸರಿಯಾದ ಅಳತೆ ಕಳಿಸು. ಅವಸರ ಏನಿಲ್ಲ, ಮುಂದಿನ ಸೋಮವಾರ ಕಳಿಸಿದ್ರೆ ಸಾಕು."

ನಕಲು ಸಿಕ್ಕಿದೆ. ಸೋಮವಾರ ಬೆಳಿಗ್ಗೆ ಒಂದು ಬಿಳಿ ಹಾಳೆಯಲ್ಲಿ, ನನಗೆ ಸಾಧ್ಯವಾದಷ್ಟು ದುಂಡಗೆ, ಮೂವತ್ತಾರು ಇಂಚು ಎಂದು ಬರೆದು ಕಳಿಸುತ್ತೇನೆ. ಅದಕ್ಕೆ ಮೊದಲು ಕಳಿಸುವುದಿಲ್ಲ.