ಲೂಪೆ ಹಾಡದೆ ಬಿಟ್ಟ ಚರಣ

ಇಲ್ಲದವರ ಧ್ವನಿ ಕೇಳಿಸಿತು ಎಂದು ಯಾರಾದರೂ ಹೇಳಿದರೆ ಮೊದಲೆಲ್ಲ ನಾನು ನಗುತ್ತಿದ್ದೆ. ಈಗ ಸುಮ್ಮನೆ ಕೇಳಿಸಿಕೊಳ್ಳುತ್ತೇನೆ.

ಎರಡು ಸಾವಿರದ ಇಸವಿಯ ಆಚೀಚೆ ನಾವು ಅರೋರಾ ಎಂಬ ಊರಿನಲ್ಲಿದ್ದೆವು. ನಾನು ಎಲ್ಕ್ ಗ್ರೋವ್ ವಿಲೇಜಿನ ಒಂದು ಪ್ಯಾಕಿಂಗ್ ಫ್ಯಾಕ್ಟರಿಗೆ ಹೋಗುತ್ತಿದ್ದೆ. ಪಕ್ಕದಲ್ಲಿ ನಿಂತು ಡಬ್ಬ ಕಟ್ಟುತ್ತಿದ್ದ ಮೆಕ್ಸಿಕೋದ ಲೂಪೆ ದಿನವೂ ಒಂದೇ ಹಳೆಯ ಸ್ಪ್ಯಾನಿಷ್ ಹಾಡು ಹಾಡುವಳು. ಬಿಟ್ಟು ಹೋಗುವವನಿಗೆ ಹೆಣ್ಣೊಬ್ಬಳು ಜಗಳವಿಲ್ಲದೆ, ಒಳ್ಳೆಯ ಮಾತಿನಲ್ಲಿ ವಿದಾಯ ಹೇಳುವ ಹಾಡಂತೆ. ಮನೆಯಲ್ಲಿ ನಾನದನ್ನು ಗುನುಗಿದವಳೂ ಅಲ್ಲ.

ಒಂದು ಶನಿವಾರ ಡೆಟ್ರಾಯಿಟ್ ಕಡೆಯಿಂದ ಅಕ್ಕ, ಭಾವ ಬಂದರು. ಊಟಕ್ಕೆ ಕರೆದವರ ಮನೆಯಲ್ಲಿ ಅಕ್ಕ ಎಲ್ಲರೆದುರು, “ನಮ್ಮ ಪುಟ್ಟಿ ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈ ಮುಗಿದೋಳು. ಈಗ ನೋಡಿ, ಮೆಕ್ಸಿಕೋದವರಿಗೇ ಇಂಗ್ಲಿಷ್ ಕಲಿಸ್ತಾಳೆ” ಎಂದಳು. ಎಲ್ಲರೂ ನಕ್ಕರು. ನಾನು ತಟ್ಟೆ ಎತ್ತಿಕೊಂಡು ಎದ್ದುಬಿಟ್ಟೆ.

ಮರುದಿನ ಹೊರಟು ನಿಂತ ಅಕ್ಕ ಬಾಗಿಲಿಂದ ಕರೆದಳು. “ಪುಟ್ಟಿ, ಬರ್ತೀನಿ ಕಣೇ. ಕುಂಕುಮ ಕೊಡಲ್ವಾ?”

“ದೇವರ ಮುಂದಿದೆ, ನೀನೇ ಇಟ್ಕೊ.” ಅಡುಗೆಮನೆಯಿಂದ ನಾನು ಹೊರಗೆ ಬರಲಿಲ್ಲ. ಹೊರಡುವ ಮುತ್ತೈದೆಯನ್ನು, ಅದೂ ಒಡಹುಟ್ಟಿದವಳನ್ನು, ಹಾಗೆ ಕಳಿಸಬಾರದೆಂದು ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ಸಂಜೆಗೆ ಮುಂಚೆ ಪಾತ್ರೆ ತೊಳೆಯುತ್ತಿದ್ದೆ. ಗಂಡ ಮಕ್ಕಳನ್ನು ಕರೆದುಕೊಂಡು ಅಂಗಡಿಗೆ ಹೋಗಿದ್ದರು. ನಡುಮನೆಯಿಂದ ಲೂಪೆಯ ಹಾಡು ಕೇಳಿಸಿತು. ಧ್ವನಿ ಅಕ್ಕನದು. ಹೋಗಿ ನೋಡಿದರೆ ಟಿವಿ, ರೇಡಿಯೋ ಎರಡೂ ಆಫ್ ಆಗಿದ್ದವು. ನಾನು ನೋಡುತ್ತಿದ್ದ ಹಾಗೇ ಖಾಲಿ ಸೋಫಾದ ಕಡೆಯಿಂದ ಹಾಡು ಇನ್ನೆರಡು ಸಾಲು ನಡೆದು ನಿಂತಿತು.

ಆಗ ಫೋನ್ ಬಂತು. ದಾರಿಯಲ್ಲಿ ಕಲಮಜೂ ಊರು ದಾಟಿದ ಮೇಲೆ ಸಿಕ್ಕಿದ ಒಂದು ಗ್ಯಾಸ್ ಸ್ಟೇಷನ್ನಿನಿಂದ ಭಾವ ಮಾತಾಡುತ್ತಿದ್ದರು. “ನಿದ್ದೆ ಮಾಡ್ತಿದಾಳೆ ಅಂದ್ಕೊಂಡೆ ಕಣಮ್ಮ. ಎಬ್ಬಿಸಿದ್ರೆ ಏಳ್ತಿಲ್ಲ.”

ಅಕ್ಕ ಏಳಲೇ ಇಲ್ಲ.

ಕೆಲಸಕ್ಕೆ ಮರಳಿದ ಮೇಲೆ, ನಾಲಿಗೆಗೆ ಅಂಟಿಕೊಂಡಿದ್ದ ಆ ಎರಡು ಸಾಲನ್ನು ಅರ್ಥ ತಿಳಿಯದೆಯೇ ಲೂಪೆಗೆ ಒಪ್ಪಿಸಿದೆ. ಅವಳ ಕೈ ನಿಂತಿತು. ನಮ್ಮಿಬ್ಬರ ಮುರುಕು ಇಂಗ್ಲಿಷಿನಲ್ಲಿ ಕೇಳಿದಳು: “ಇದು ಕೊನೆಯ ಚರಣ. ನಾನಿಲ್ಲಿ ಯಾವತ್ತೂ ಹಾಡಿಲ್ಲ. ನಿನಗೆ ಯಾರು ಕಲಿಸಿದರು?”

ಅದರ ಅರ್ಥವೇನು, ಹಾರೈಕೆಯೇ ಎಂದು ನಾನು ಕೇಳಿದೆ.

“‘ಹೋಗು, ನಿನಗೆ ಒಳ್ಳೆಯದಾಗಲಿ’ ಅಂತ ಅರ್ಥ. ನಗುತ್ತಾ ಹಾಡಿದರೆ ಹಾರೈಕೆ. ಹಲ್ಲು ಕಚ್ಚಿ ಹಾಡಿದರೆ ಶಾಪ,” ಎಂದಳು ಲೂಪೆ. “ನೀನು ಕೇಳಿದ್ದು ಯಾವ ಥರ ಇತ್ತು?”

ಅಕ್ಕನ ಧ್ವನಿ ಇವತ್ತಿಗೂ ಕಿವಿಯಲ್ಲಿದೆ. ಅದರಲ್ಲಿ ನಗುವಿತ್ತೋ ಇಲ್ಲವೋ, ಎಷ್ಟು ನೆನೆಸಿಕೊಂಡರೂ ತಿಳಿಯುತ್ತಿಲ್ಲ.