ಬೀಗರ ಸಮಕ್ಷಮದಲ್ಲಿ ಅಪೆಂಡಿಕ್ಸ್

ಮುಳಬಾಗಿಲಿನ ಮನೆಯಲ್ಲಿ ಹೊಟ್ಟೆನೋವಿಗೆ ನಾನು ಓಮದ ಕಷಾಯ ಕುಡಿಯುತ್ತಾ ಕೂತಿದ್ದಾಗ, ಒಳಗೆ ಅಪೆಂಡಿಕ್ಸ್ ಒಡೆದು ಕೀವು ಕಟ್ಟಿಕೊಂಡಿತ್ತು. ಯಾವ ಕೆಲಸವನ್ನೂ ಮಾಡದೆ ಇಷ್ಟು ವರ್ಷ ನನ್ನ ಅನ್ನ ತಿಂದ ಅಂಗ ಅದು. ಯಜಮಾನನ ಗುಣವೇ ಅದಕ್ಕೂ ಬಂದಿದ್ದಿರಬೇಕು.

ಕೋಲಾರದ ಆಸ್ಪತ್ರೆಯಲ್ಲಿ ಡಾಕ್ಟರು, ನನ್ನ ಮಗಳ ವಯಸ್ಸಿನ ಹೆಣ್ಣುಮಗಳು, "ಈಗ್ಲೇ ಕುಯ್ಯೋದು ಬೇಡ. ಡ್ರಿಪ್ಪಲ್ಲಿ ಆಂಟಿಬಯೋಟಿಕ್ ಕೊಡ್ತೀವಿ. ಜ್ವರ ಇಳೀಬೇಕು, ಕರುಳು ಕೆಲ್ಸ ಶುರು ಮಾಡ್ಬೇಕು. ಇಲ್ಲಾಂದ್ರೆ ಆಪರೇಷನ್ನೇ" ಎಂದರು. ಕರುಳು ಕೆಲಸ ಶುರು ಮಾಡಿದ್ದಕ್ಕೆ ಗುರುತೆಂದರೆ ಗಾಳಿ ಹೋಗುವುದು. ಅಲ್ಲಿಯವರೆಗೆ ಬಾಯಿಗೆ ಹನಿ ನೀರಿಲ್ಲ.

ಕುರುಡುಮಲೆ ಗಣಪನಿಗೆ ಹರಕೆ ಹೊತ್ತೆ. ಹೊಟ್ಟೆಯ ವಿಷಯ ಆತನಿಗೆ ಗೊತ್ತಿಲ್ಲದ್ದೇನಲ್ಲ. ಜ್ವರ ಇಳಿಯಿತು. ಒಂದು ಬೆಳಗಿನ ಜಾವ ಗಣಪನೂ ಒಲಿದ. ಹೆಂಡತಿ ನಿದ್ದೆಯಲ್ಲಿದ್ದಾಳೆಂದುಕೊಂಡು ಒಬ್ಬನೇ ಸಂಭ್ರಮಿಸಿದೆ.

ಅಂದೇ ಡಾಕ್ಟರು ರೌಂಡ್ಸಿಗೆ ಬರುವ ಹೊತ್ತಿಗೇ ಶ್ರೀನಿವಾಸಪುರದಿಂದ ಮಗಳ ಅತ್ತೆ ಮಾವ, ನನ್ನ ಬೀಗರು, ಮಾವಿನಹಣ್ಣಿನ ಬುಟ್ಟಿಯೊಡನೆ ಆಗಮಿಸಿದರು. ಮಗಳ ಮದುವೆಯಾದಾಗಿನಿಂದ ಅವರೆದುರು ನಾನು ಜೋರಾಗಿ ಸೀನಿದವನೂ ಅಲ್ಲ.

ಡಾಕ್ಟರು ಇಡೀ ವಾರ್ಡಿಗೆ ಕೇಳುವಂತೆ, "ಯಜಮಾನ್ರೇ, ಗಾಳಿ ಹೋಯ್ತಾ?" ಎಂದರು.

ಬೀಗರು ನನ್ನ ಮುಖವನ್ನೇ ನೋಡಿದರು.

"ಛೆ ಛೆ, ಇಲ್ಲಮ್ಮ" ಎಂದೆ.

ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. "ಇನ್ನೂ ಉಬ್ಬಿದೆ. ಕಾಯೋದು ಬೇಡ ಸಿಸ್ಟರ್, ಸ್ಕ್ಯಾನ್ ಮಾಡ್ಸಿ, ಥಿಯೇಟರಿಗೂ ಹೇಳಿಡಿ."

ನಿಜ ಹೇಳೋಣವೆಂದರೆ ಬೀಗರು ಇನ್ನೂ ಎದುರಿಗೇ ನಿಂತಿದ್ದರು. ವಂಶದ ಮರ್ಯಾದೆಗಾಗಿ ಹೊಟ್ಟೆ ಬಗೆಸಿಕೊಂಡ ವೀರರ ಸಾಲಿಗೆ ಸೇರುವುದೇ ನನ್ನ ಹಣೆಬರಹವೆನ್ನಿಸಿತು.

ಅಷ್ಟರಲ್ಲಿ ಹೆಂಡತಿ ಎದ್ದು ನಿಂತಳು. "ರೀ! ಬೆಳಿಗ್ಗೆ ಹೋಯ್ತಲ್ರೀ! ನಂಗೆ ಎಚ್ಚರಾನೇ ಆಯ್ತು. ಹೊಟ್ಟೆ ಕುಯ್ಸ್ಕೊಂಡ್ರೂ ಸರಿ, ಬಾಯ್ಬಿಡಲ್ಲ ಅಲ್ವಾ?"

"ಹೌದಾ ಯಜಮಾನ್ರೇ?"

"ಹೌದು" ಎಂದು ಗೋಡೆಗೆ ಹೇಳಿದೆ.

ಬೀಗಿತ್ತಿ ಕೈ ಬಾಯಿಗೆ ಅಡ್ಡ ಹಿಡಿದು, "ಅಯ್ಯೋ, ಇದಕ್ಯಾಕ್ರೀ ನಾಚ್ಕೆ ಬೀಗ್ರೇ? ನಮ್ಮನೆಯವ್ರದ್ದು ಪಕ್ಕದ್ಮನೆಗೇ ಗೊತ್ತಾಗತ್ತೆ!" ಎಂದರು.

"ಊರ್ಕೋವೇ!" ಎಂದು ಬೀಗರು ತೆಲುಗಿನಲ್ಲಿ ಹೆಂಡತಿಯ ಬಾಯಿ ಮುಚ್ಚಿಸಿ ಕಿಟಕಿಯ ಕಡೆ ತಿರುಗಿಕೊಂಡರು.

ಡಾಕ್ಟರು ಸ್ಟೆತಾಸ್ಕೋಪನ್ನು ಹೊಟ್ಟೆಯ ಮೇಲಿಟ್ಟು ಆಲಿಸಿದರು. ಒಳಗೆ ಕರುಳು ಓಡಾಡುತ್ತಿತ್ತಂತೆ. ಆಪರೇಷನ್ ಮಾತು ನಿಂತಿತು. ಅದೇ ಔಷಧಿ ಮುಂದುವರಿಯಲಿ, ಚೂರು ಚೂರು ನೀರು ಕೊಡಿ ಎಂದರು.

ವರಾಂಡಕ್ಕೆ ಹೋದ ಬೀಗರು ನನ್ನ ಮಗಳಿಗೆ ಫೋನಿನಲ್ಲಿ ಹೇಳುವುದು ಕೇಳಿಸಿತು: "ಹೋಯ್ತಂತಮ್ಮಾ, ಏನೂ ಭಯ ಇಲ್ಲ! ನಿಮ್ಮ ಚಿಕ್ಕಪ್ಪಂಗೂ ಹೇಳ್ಬಿಡು, ಗ್ರೂಪಲ್ಲೂ ಹಾಕು!"

ಹೆಂಡತಿ ಚಮಚದಲ್ಲಿ ನೀರು ಹಿಡಿದಳು. ತಲೆ ತಗ್ಗಿಸಿಕೊಂಡೇ ಕುಡಿದೆ. ನೀರು ಮಾತ್ರ ಅಮೃತದಂತಿತ್ತು.